ಕೆಂಡದ ಬಾಳೆಹಣ್ಣು

ಶಿಬಿರ ಜೀವನದ ಸವಿಯನ್ನು ಬಲ್ಲವರಿಗೆ ರಾತ್ರಿಯ ಬೆಂಕಿಯ ಮಹಿಮೆಯನ್ನು ಬಣ್ಣಿಸಿ ಹೇಳಬೇಕಾಗಿಲ್ಲ. 1907ರಲ್ಲಿ ಬೇಡನ್ ಪೊವೆಲರು ಬ್ರೌನ್‌ಸೀ ದ್ವೀಪದಲ್ಲಿ ಬಾಲಕರ ಶಿಬಿರ ನಡೆಸಿದಾಗಲೂ ಇರುಳಿನಲ್ಲಿ ಬೆಂಕಿಯ ಸುತ್ತ ಕಥೆಗಳು ನಡೆದಿದ್ದುವು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಹುಟ್ಟಿದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿಯೂ ಹಗಲೆಲ್ಲ ಗುದ್ದಲಿ ಹಿಡಿದ ಕೈಗಳು ರಾತ್ರಿ ಬೆಂಕಿಯ ಮುಂದೆ ಬೆಚ್ಚಗಾಗುತ್ತವೆ. ಹಾಡು ಮುಗಿದೊಡನೆ ನಾಲಿಗೆ ಸಿಹಿ ಬೇಡುತ್ತದೆ. ಪಾಯಸಕ್ಕೆ ಹಾಲಿಲ್ಲ, ಹೋಳಿಗೆಗೆ ಬಿಡುವಿಲ್ಲ. ಆಗ ಕೈಹಿಡಿಯುವುದು ಬಾಳೆಹಣ್ಣೇ.

ಚಾಮರಾಜನಗರದ ಕಡೆ ಬೆಳೆಯುವ ನೇಂದ್ರಬಾಳೆ ಇದಕ್ಕೆ ಬಲು ಯೋಗ್ಯ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬೀಳುವ ಹೊತ್ತಿಗೆ ಅದರ ಪಿಷ್ಟ ಬಹುಮಟ್ಟಿಗೆ ಸಕ್ಕರೆಯಾಗಿರುತ್ತದೆ. ತಿರುಳು ಮಾತ್ರ ಬಿಗಿ ಬಿಟ್ಟಿರುವುದಿಲ್ಲ. ಹಣ್ಣಿನ ಒಳಬಾಗಿನ ಕಡೆ ಉದ್ದಕ್ಕೆ ಸೀಳಿ, ಕೆಳಗಿನ ಸಿಪ್ಪೆಗೆ ಚಾಕು ತಾಕದಂತೆ ನೋಡಿಕೊಳ್ಳಬೇಕು. ಸೀಳಿನೊಳಗೆ ಒಂದು ಚಮಚ ಬೆಲ್ಲದ ಪುಡಿ, ಎರಡು ಚಮಚ ಕಾಯಿತುರಿ, ಚಿಟಿಕೆ ಏಲಕ್ಕಿ ತುಂಬಿ ಮುಚ್ಚಬೇಕು. ಉರಿಯ ಮೇಲಿಟ್ಟರೆ ಬೆಲ್ಲ ಸೀದು ಕಹಿಯಾಗುತ್ತದೆ. ಉರಿ ಇಳಿದು, ಕೆಂಡದ ಮೇಲೆ ಬೂದಿ ಕವಿಯುವವರೆಗೆ ಕಾಯಬೇಕು. ಆಮೇಲೆ ಸೀಳು ಮೇಲೆ ಬರುವಂತೆ ಹತ್ತು ನಿಮಿಷ ಇಟ್ಟರಾಯಿತು. ಸಿಪ್ಪೆ ಕರಿದಾಗಿ, ಸೀಳಿನಲ್ಲಿ ಪಾಕ ಕುದಿಯುತ್ತದೆ. ಪಾತ್ರೆ ಬೇಡ, ತಟ್ಟೆ ಬೇಡ, ಸಿಪ್ಪೆಯೇ ಬಟ್ಟಲು.

ಕಳೆದ ಶಿಬಿರದಲ್ಲಿ ಹಳ್ಳಿಯ ತಾತನವರೊಬ್ಬರು ದಿನವೂ ಬೆಂಕಿಯ ಬಳಿ ಬಂದು ಕೂರುತ್ತಿದ್ದರು. ಊಟಕ್ಕೆ ಕರೆದರೆ ಮಾತ್ರ, “ಈಗ ತಾನೇ ಆಯ್ತು ಕಣಪ್ಪ” ಎನ್ನುವರು. ನಮ್ಮ ಅಡಿಗೆಯ ಸರದಿಯಲ್ಲಿ ಎಲ್ಲ ಜಾತಿಯ ಹುಡುಗರೂ ಇದ್ದರು. ಕಾರಣ ಎಲ್ಲರಿಗೂ ತಿಳಿದಿತ್ತು. ಯಾರೂ ಬಾಯಿ ಬಿಡಲಿಲ್ಲ. ಐದನೆಯ ರಾತ್ರಿ ಸರದಿಯ ಗೆಳೆಯ ಒಂದು ಹಣ್ಣನ್ನು ಮುತ್ತುಗದೆಲೆಯ ಮೇಲಿಟ್ಟು, “ಹಣ್ಣು ತಾತ, ಸಿಪ್ಪೇಲೇ ಐತೆ” ಎಂದು ನೀಡಿದ. ತಾತ ಅವನ ಮುಖ ನೋಡಿದರು, ಹಣ್ಣನ್ನು ನೋಡಿದರು. “ಹಣ್ಣಿಗೇನು ಮೈಲಿಗೆ!” ಎಂದು ತಿಂದರು. ತುಸು ತಡೆದು, “ಇನ್ನೊಂದೈತಾ?” ಎಂದರು. ನಾವೆಲ್ಲ ನಕ್ಕೆವು, ಅವರೂ ನಕ್ಕರು.

ಮಾರನೆಯ ದಿನ ಊಟಕ್ಕೆ ಕರೆದಾಗ ಮತ್ತೆ ಅದೇ ಉತ್ತರ: “ಈಗ ತಾನೇ ಆಯ್ತು ಕಣಪ್ಪ.”

ತಾತ ನಂಬಿದ್ದು ಸಿಪ್ಪೆಯನ್ನೋ, ನೀಡಿದ ಕೈಯನ್ನೋ? ಗೆಳೆಯ ಆ ಪ್ರಶ್ನೆ ಕೇಳಲಿಲ್ಲ. ಆ ರಾತ್ರಿಯೂ ಕೆಂಡ ಕೆದಕಿ, ತಾತನ ಪಾಲಿನ ಎರಡು ಹಣ್ಣು ಮೊದಲು ಇಟ್ಟ. ಈ ಸಿಹಿ ಮಾಡುವುದು ಬಹಳ ಸುಲಭ. ಸಿಪ್ಪೆಯಿಲ್ಲದ ಅನ್ನವನ್ನು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಇನ್ನೂ ಅಷ್ಟು ಸುಲಭವಾಗಿಲ್ಲ.