ಚಾಂಪಿಯನ್ ನಿಲ್ದಾಣದ ಅಲಿ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಕೋರಮಂಡಲ, ಉರಿಗಾಂ ದಾಟಿದ ಮೇಲೆ ಸಿಗುವ ಪುಟ್ಟ ನಿಲ್ದಾಣದ ಹೆಸರು ಚಾಂಪಿಯನ್. ಪಕ್ಕದ ಚಾಂಪಿಯನ್ ರೀಫ್ ಗಣಿಯಿಂದ ಬಂದ ಹೆಸರು ಅದು. ಆದರೆ ಹೈಸ್ಕೂಲಿಗೆ ಸೇರಿದ ಹೊಸದರಲ್ಲಿ, ಮಹಮ್ಮದ್ ಅಲಿಯ ಮೇಲಿನ ಗೌರವಕ್ಕೆ ಇಟ್ಟ ಹೆಸರು ಎಂದು ನಾನು ಒಂದು ವಾರ ನಂಬಿದ್ದೆ. ಹಾಗೆಂದು ನಂಬಿಸಿದವರು ಮೇಸ್ತ್ರಿ ಮಾಮ.

ನಮ್ಮ ತಂದೆ ಬಂಗಾರಪೇಟೆಯಲ್ಲಿ ರೈಲ್ವೆ ಗುಮಾಸ್ತರು. ನಾನು ದಿನಾ ಆ ರೈಲಿನಲ್ಲೇ ಶಾಲೆಗೆ ಹೋಗುತ್ತಿದ್ದೆ. ಚೀಲದಲ್ಲಿ ಪುಸ್ತಕಗಳ ಜೊತೆ ಅಪ್ಪ ಓದಿ ಬಿಟ್ಟ ಇಂಗ್ಲಿಷ್ ಪೇಪರೂ ಇರುತ್ತಿತ್ತು. ರಾತ್ರಿ ಪಾಳಿ ಮುಗಿಸಿ ಗಣಿಯಿಂದ ಮೇಲೆ ಬಂದ ಮೇಸ್ತ್ರಿ ಮಾಮ ಪ್ಲಾಟ್‌ಫಾರಂ ಬೆಂಚಿನ ಮೇಲೆ ಬೀಡಿ ಸೇದುತ್ತಾ ನನಗಾಗಿ ಕಾದಿರುತ್ತಿದ್ದರು. ಅವರ ಮನೆಮಾತು ತಮಿಳು. ಕನ್ನಡ ಬಂಗಾರಪೇಟೆ ಸಂತೆಯಲ್ಲಿ ಕಲಿತದ್ದು. ಇಂಗ್ಲಿಷ್ ಓದಲು ಬಾರದು. ಅಲಿಯ ಸುದ್ದಿ ಇದ್ದ ದಿನ ನಾನು ಓದಿ ಕನ್ನಡದಲ್ಲಿ ಹೇಳಬೇಕು. ಒಂದು ಟೀ, ಎರಡು ಬನ್ನು ನನ್ನ ಸಂಬಳ.

ಬಾಕ್ಸಿಂಗ್ ನಮ್ಮ ಕೆ.ಜಿ.ಎಫ್.ಗೆ ಹೊಸದೇನಲ್ಲ. ಬ್ರಿಟಿಷರೂ ಆಂಗ್ಲೋ ಇಂಡಿಯನ್ನರೂ ಆಡುತ್ತಿದ್ದ ಆಟ ಕೂಲಿ ಲೈನುಗಳಿಗೂ ಬಂದಿತ್ತು. ಮೇಸ್ತ್ರಿ ಮಾಮ ಪ್ರಾಯದಲ್ಲಿ ನಾಲ್ಕೈದು ಸಲ ಗ್ಲೌಸು ಕಟ್ಟಿದ್ದರಂತೆ. ಸೊಟ್ಟಗಾಗಿದ್ದ ಮೂಗೇ ಅದಕ್ಕೆ ಸಾಕ್ಷಿ.

1974ರ ಅಕ್ಟೋಬರ್ 30ರಂದು ಆಫ್ರಿಕಾದ ಕಿನ್ಶಾಸಾದಲ್ಲಿ ಅಲಿ, ಜಾರ್ಜ್ ಫೋರ್‌ಮನ್‌ನನ್ನು ಕೆಡವಿದ. ಫೋರ್‌ಮನ್‌ಗೆ 25 ವರ್ಷ, ಅದುವರೆಗೆ ಆಡಿದ 40 ಪಂದ್ಯಗಳಲ್ಲಿ ಒಂದನ್ನೂ ಸೋತವನಲ್ಲ. ಅಲಿಗೆ 32. ಸುತ್ತಿನ ಮೇಲೆ ಸುತ್ತು ಹಗ್ಗಕ್ಕೆ ಒರಗಿ ಏಟು ತಿಂದು, ಎದುರಾಳಿ ದಣಿದ ಮೇಲೆ ಎಂಟನೆಯ ಸುತ್ತಿನಲ್ಲಿ ಹೊಡೆದು ಮಲಗಿಸಿದ್ದ. ನನಗೆ ಇದು ಅರ್ಥವೇ ಆಗಲಿಲ್ಲ. ಏಟು ತಿಂದವನು ಗೆಲ್ಲುವುದು ಹೇಗೆ?

ಮೇಸ್ತ್ರಿ ಮಾಮ ಇನ್ನೊಮ್ಮೆ ಓದಿಸಿದರು. ಆಮೇಲೆ ನಕ್ಕು, "ಡ್ರಿಲ್ ಹಿಡಿದೋನಿಗೆ ಇದು ಗೊತ್ತಿರುತ್ತೆ ತಂಬಿ. ಕಲ್ಲು ಸುಮ್ನೆ ನಿಂತಿರುತ್ತೆ. ಸುಸ್ತಾಗೋದು ಹೊಡೆಯೋನಿಗೆ" ಎಂದರು.

ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿಯಲ್ಲಿ, ಕಾದ ಬಂಡೆಯ ನಡುವೆ ದುಡಿದವರ ಮಾತು ಅದು. ಆದರೆ ಅವರು ಅಲಿಯನ್ನು ಹೆಚ್ಚಾಗಿ ಮೆಚ್ಚಿದ್ದು ಏಟಿಗಲ್ಲ. 1967ರಲ್ಲಿ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅವನು ಸೈನ್ಯಕ್ಕೆ ಸೇರಲಾರೆ ಎಂದ. ಪಟ್ಟ ಕಿತ್ತುಕೊಂಡರು. ಮೂರೂವರೆ ವರ್ಷ ರಿಂಗಿಗೆ ಇಳಿಯಲು ಬಿಡಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟು ಅವನ ಪರ ತೀರ್ಪು ಕೊಟ್ಟದ್ದು 1971ರಲ್ಲಿ. ಮುಷ್ಕರಗಳನ್ನು ಕಂಡಿದ್ದ ಮಾಮ, "ಮೂರೂವರೆ ವರ್ಷ ಸಂಬಳ ಇಲ್ಲ!" ಎಂದು ಬೆರಳು ಮಡಿಸಿ ತಿಂಗಳು ಎಣಿಸುತ್ತಿದ್ದರು.

1980ರ ಆರಂಭದಲ್ಲಿ ಅಲಿ ಮದ್ರಾಸಿಗೇ ಬಂದ. ನೆಹರು ಸ್ಟೇಡಿಯಂನಲ್ಲಿ ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ. ಮುಖ್ಯಮಂತ್ರಿ ಎಂ.ಜಿ.ಆರ್. ಕೂಡ ಬರುತ್ತಾರೆಂದ ಮೇಲೆ ಕೇಳಬೇಕೆ? ಮಾಮ ನಾಲ್ಕು ಜನ ಗೆಳೆಯರೊಡನೆ ಬಂಗಾರಪೇಟೆಯಲ್ಲಿ ಮದ್ರಾಸಿನ ರೈಲು ಹತ್ತಿದರು. ನನ್ನನ್ನೂ ಕರೆದರು. ಪರೀಕ್ಷೆಯ ನೆಪ ಹೇಳಿ ನಾನು ಹೋಗಲಿಲ್ಲ. ಮರಳಿ ಬಂದವರ ಮುಖದಲ್ಲಿ ಹಬ್ಬವಿತ್ತು. ಆದರೆ ಒಂದು ಮಾತು ಮೆಲ್ಲನೆ ಹೇಳಿದರು: "ದಪ್ಪ ಆಗಿದಾನೆ. ಆಟ ಬಿಟ್ಟಿದ್ದೇ ಒಳ್ಳೇದಾಯ್ತು."

ಅಲಿ ಬಿಡಲಿಲ್ಲ. ಅದೇ ಅಕ್ಟೋಬರಿನಲ್ಲಿ, 38ನೆಯ ವಯಸ್ಸಿನಲ್ಲಿ, ಲ್ಯಾರಿ ಹೋಮ್ಸ್ ಎದುರು ಇಳಿದ. ಹತ್ತು ಸುತ್ತು ಏಟು ತಿಂದ ಮೇಲೆ ತರಬೇತುದಾರ ಏಂಜೆಲೊ ಡಂಡಿ ಸಾಕೆಂದು ಪಂದ್ಯ ನಿಲ್ಲಿಸಿದ. ಓದಿ ಹೇಳುವಾಗ ನನಗೆ ಸಿಟ್ಟು ಬಂತು. "ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿಲ್ಲದವನು" ಎಂದೆ. ಅಷ್ಟು ಹೊತ್ತಿಗೆ ಮಾಮನಿಗೆ ಕೆಮ್ಮು ಹತ್ತಿತ್ತು. ಕಲ್ಲಿನ ಧೂಳು ಎದೆಯಲ್ಲಿ ಕೂತರೆ ಬರುವ ಕೆಮ್ಮು. ನಮ್ಮ ಕಡೆ ಅದನ್ನು ಗುರುತಿಸಲು ಡಾಕ್ಟರು ಬೇಕಿಲ್ಲ. ಬಾಯಿ ತಡೆಯದೆ, "ನೀವೂ ಬಿಟ್ಟುಬಿಡಿ ಮಾಮ" ಎಂದುಬಿಟ್ಟೆ.

ಅವರು ಬೀಡಿ ಆರಿಸಿದರು. "ಅವನ ಮೂಲೇಲಿ ಒಬ್ಬ ಇದ್ದ, ಸಾಕು ಅಂತ ಹೇಳೋಕೆ. ನನ್ ಮೂಲೇಲಿ ಇರೋರು ಇಬ್ರು ಹೆಣ್ಮಕ್ಳು. ಮದುವೆ ಆಗ್ಬೇಕು" ಎಂದರು. ಇನ್ನೂ ನಾಲ್ಕು ವರ್ಷ ಅವರು ಕೇಜಿನಲ್ಲಿ ಕೆಳಗಿಳಿದರು.

1984ರಲ್ಲಿ ಅಲಿಗೆ ಪಾರ್ಕಿನ್ಸನ್ ಕಾಯಿಲೆ ಎಂಬ ಸುದ್ದಿ ಬಂತು. ನಾನಾಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದೆ. ಊರಿಗೆ ಹೋದಾಗ ಮಾಮ ಕೇಳಿದರೆ "ಚೆನ್ನಾಗಿದಾನಂತೆ" ಎನ್ನುತ್ತಿದ್ದೆ. ಪೇಪರು ಓದಲು ಬಾರದವರಿಗೆ ಸುಳ್ಳು ಹೇಳುವುದು ಎಷ್ಟು ಸುಲಭ! ಹನ್ನೆರಡು ವರ್ಷ ಹಾಗೆಯೇ ಹೇಳಿಕೊಂಡು ಬಂದೆ.

1996ರ ಜುಲೈ 20ರ ಬೆಳಿಗ್ಗೆ ಅವರ ಮನೆಯಲ್ಲಿ ಕೂತು ಅಟ್ಲಾಂಟಾ ಒಲಿಂಪಿಕ್ಸ್ ಉದ್ಘಾಟನೆ ನೋಡುತ್ತಿದ್ದೆವು. ಜ್ಯೋತಿ ಹೊತ್ತಿಸಲು ಬಂದವನು ಅಲಿ. ಎಡಗೈ ನಿಲ್ಲದೆ ನಡುಗುತ್ತಿತ್ತು. ಮಾಮ ಟಿ.ವಿ.ಯನ್ನೇ ನೋಡುತ್ತಾ ಕೇಳಿದರು: "ನಿಂಗೆ ಗೊತ್ತಿತ್ತಾ ತಂಬಿ?"

ಗೊತ್ತಿತ್ತು ಎಂದೆ.

"ನನ್ ಎದೆ ಫಿಲಂ ತೆಗೆಸಿದಾಗ ನಮ್ಮನೆಯೋರೂ ಹೀಗೇ ಸುಮ್ನಿದ್ರು" ಎಂದರು. ಕೋಪವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಕೈ ನಡುಗಿದ್ರೂ ಪಂಜು ಬಿಡ್ಲಿಲ್ಲ, ನೋಡ್ದಾ?" ಎಂದು ನನ್ನ ತೊಡೆ ತಟ್ಟಿದರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದನ್ನು ನೋಡಲು ಮಾಮ ಇರಲಿಲ್ಲ.

ಅಲಿ ತೀರಿಕೊಂಡದ್ದು 2016ರ ಜೂನ್ 3ರಂದು. ಸುದ್ದಿ ಬಂದ ಪೇಪರು ಹಿಡಿದು ಬಂಗಾರಪೇಟೆಯಲ್ಲಿ ರೈಲು ಹತ್ತಿದೆ. ಚಾಂಪಿಯನ್‌ನಲ್ಲಿ ಇಳಿದು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿದ್ದ ನಡುವಯಸ್ಸಿನವರೊಬ್ಬರು ಚಿತ್ರದ ಮೇಲೆ ಬಗ್ಗಿ, "ಅಲೀನಾ ಸಾರ್? ನಮ್ಮಪ್ಪ ಮದ್ರಾಸಿಗೆ ಹೋಗಿ ನೋಡಿದ್ರು. ಏನಂತ ಬರ್ದಿದಾರೆ?" ಎಂದು ಕೇಳಿದರು.

ಕನ್ನಡಕ ಹಾಕಿಕೊಂಡು, ಮೊದಲ ಸಾಲಿನಿಂದ ಓದಿ ಹೇಳತೊಡಗಿದೆ.