ಮೂರು ದಿನದ ಮುಂಬಯಿ

ಪ್ರವಾಸದ ಸುಖದಲ್ಲಿ ಮುಕ್ಕಾಲು ಪಾಲು ಹೊರಡುವುದಕ್ಕೆ ಮೊದಲೇ ಮುಗಿದುಹೋಗುತ್ತದೆಂಬುದು ನನ್ನ ನಂಬಿಕೆ. ಹೊರಟ ಮೇಲೆ ಕಾಲು ನೋಯುತ್ತದೆ, ಹಸಿವಾಗುತ್ತದೆ, ಪೆಟ್ಟಿಗೆಯ ಬೀಗದ ಕೈ ಕಾಣೆಯಾಗುತ್ತದೆ. ಮನೆಯಲ್ಲಿ ಕುಳಿತು, ಮೇಜಿನ ಮೇಲೆ ನಕಾಶೆಯನ್ನು ಹರಡಿಕೊಂಡು, ಕೆಂಪು ಸೀಸದಕಡ್ಡಿಯಿಂದ ಗೆರೆ ಎಳೆಯುತ್ತ ಮಾಡುವ ಪ್ರವಾಸದಲ್ಲಿ ಈ ಕಷ್ಟಗಳೊಂದೂ ಇಲ್ಲ. ಅಲ್ಲಿ ಸಮುದ್ರ ಶಾಂತವಾಗಿರುತ್ತದೆ. ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ. ಹೆಂಡತಿ ಮಕ್ಕಳು ಹೇಳಿದ ಮಾತು ಕೇಳುತ್ತಾರೆ.

ಹೋದ ಡಿಸೆಂಬರಿನಲ್ಲಿ ಮೂರು ದಿನದ ಮಟ್ಟಿಗೆ ಮುಂಬಯಿ ನೋಡಿ ಬರುವುದೆಂದು ನಮ್ಮ ಮನೆಯಲ್ಲಿ ತೀರ್ಮಾನವಾಯಿತು. ಶನಿವಾರ ಬೆಳಗ್ಗೆ ಇಳಿಯುವುದು, ಸೋಮವಾರ ರಾತ್ರಿ ಹೊರಡುವುದು. ಕಾಲೇಜಿನ ವೇಳಾಪಟ್ಟಿಯನ್ನು ಹಲವು ವರ್ಷ ತಯಾರಿಸಿ ಪಳಗಿದ ಕೈ ನನ್ನದು. ಇಪ್ಪತ್ತು ಮಂದಿ ಅಧ್ಯಾಪಕರನ್ನು ಎಂಟು ಕೊಠಡಿಗಳಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದಂತೆ ಕೂಡಿಸಬಲ್ಲವನಿಗೆ ಮೂವರನ್ನು ಒಂದು ಊರಿನಲ್ಲಿ ತಿರುಗಿಸುವುದು ಯಾವ ಮಹಾಕಾರ್ಯ? ಎರಡು ರಾತ್ರಿ ಕುಳಿತು 22 ಸ್ಥಳಗಳ ಪಟ್ಟಿಯನ್ನು ಸಿದ್ಧಮಾಡಿದೆ. ಪ್ರತಿಯೊಂದರ ಎದುರಿಗೂ ಹೊರಡುವ ಗಳಿಗೆ, ತಲಪುವ ಗಳಿಗೆ, ನೋಡುವುದಕ್ಕೆ ಇಂತಿಷ್ಟು ನಿಮಿಷ.

ನನ್ನಾಕೆ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ, "ಎಲ್ಲ ಸರಿ, ಇದರಲ್ಲಿ ಊಟದ ಪಿರಿಯಡ್ ಎಲ್ಲಿದೆ?" ಎಂದು ಕೇಳಿದಳು. ಮಗಳು, "ಬಂದ ಮೇಲೆ ಪರೀಕ್ಷೆಯೂ ಇದೆಯೇನಪ್ಪಾ?" ಎಂದಳು. ಇಂಥ ಮಾತುಗಳಿಗೆ ವಿದ್ವಾಂಸನಾದವನು ಕಿವಿಗೊಡಬಾರದು.

ಆದರೆ ತಪ್ಪು ನನಗೇ ಕಾಣಿಸತೊಡಗಿತು. ಮುಂಬಯಿ ನಮ್ಮ ಮೈಸೂರಿನಂತೆ ನಡುವೆ ಅರಮನೆಯನ್ನಿಟ್ಟುಕೊಂಡು ಸುತ್ತಲೂ ಹರಡಿದ ಊರಲ್ಲ. ಏಳು ದ್ವೀಪಗಳನ್ನು ಮಣ್ಣು ತುಂಬಿ ಬೆಸೆದು ಮಾಡಿದ ನೆಲ ಅದು. ತೆಂಕಿನಿಂದ ಬಡಗಿಗೆ ಪಡವಲಕಾಯಿಯಂತೆ ಉದ್ದಕ್ಕೆ ಬೆಳೆದಿದೆ. ನಾನೋ ಬೆಳಗ್ಗೆ ಜುಹು, ಹತ್ತು ಗಂಟೆಗೆ ಗೇಟ್‌ವೇ, ಮಧ್ಯಾಹ್ನ ಬಾಂದ್ರಾ ಎಂದು ಬರೆದಿದ್ದೆ. ಅಂದರೆ ಆ ಪಡವಲಕಾಯಿಯ ಮೇಲೆ ಇರುವೆಯಂತೆ ಮೂರು ದಿನ ಮೇಲಕ್ಕೂ ಕೆಳಕ್ಕೂ ಹರಿದಾಡುವುದು. ಅದೂ ಲೋಕಲ್ ಗಾಡಿಗಳಲ್ಲಿ ಉಸಿರಾಡುವುದಕ್ಕೂ ಎಡೆಯಿಲ್ಲದ ಹೊತ್ತಿನಲ್ಲಿ.

ಆದ್ದರಿಂದ ಎರಡನೆಯ ಪಟ್ಟಿ ಹುಟ್ಟಿತು. ಅದರ ಸೂತ್ರ ಸರಳ: ಒಂದು ದಿನಕ್ಕೆ ಒಂದೇ ಸೀಮೆ. ಕೋಟೆಯ ಸೀಮೆಗೆ ಒಂದು ದಿನ. ಅಲ್ಲಿ ಕೋಟೆಯ ಗೋಡೆಗಳನ್ನು 1860ರ ದಶಕದಲ್ಲಿಯೇ ಕೆಡವಿಹಾಕಿದ್ದಾರೆ. ಫೋರ್ಟ್ ಎಂಬ ಹೆಸರು ಮಾತ್ರ ಉಳಿದಿದೆ. ಗೋಡೆ ಹೋದುದರಿಂದ ನಡೆಯುವವನಿಗೆ ಲಾಭವೇ. 1888ರಲ್ಲಿ ಮುಗಿದ ರೈಲ್ವೆ ನಿಲ್ದಾಣದ ಮಹಾಭವನದಿಂದ ಹೊರಟು, ಫ್ಲೋರಾ ಫೌಂಟನ್ ದಾಟಿ, ರಾಜಾಬಾಯಿ ಗೋಪುರದ ಗಡಿಯಾರವನ್ನು ನೋಡಿಕೊಂಡು, 1922ರಲ್ಲಿ ಬಾಗಿಲು ತೆರೆದ ವಸ್ತುಸಂಗ್ರಹಾಲಯವನ್ನು ಹೊಕ್ಕು, ಅಲ್ಲಿಂದ ಗೇಟ್‌ವೇಗೆ ಹೋಗುವುದಕ್ಕೆ ಯಾವ ವಾಹನವೂ ಬೇಕಾಗಿಲ್ಲ. ಮರುದಿನ ಮಲಬಾರ್ ಗುಡ್ಡ, ಮಣಿಭವನ, ಮೆರೀನ್ ಡ್ರೈವ್. ಮೂರನೆಯ ದಿನ ದೋಣಿಯಲ್ಲಿ ಎಲಿಫೆಂಟಾ.

ಮೂರನೆಯ ದಿನ ಎಂದರೆ ಸೋಮವಾರ. ಸೋಮವಾರ ಎಲಿಫೆಂಟಾ ಗುಹೆಗಳಿಗೆ ರಜಾ! ಶಿವನ ಗುಹೆಗೆ ಶಿವನ ವಾರವೇ ಬೀಗ ಬೀಳುತ್ತದೆಂದು ಯಾವ ಕನ್ನಡ ಅಧ್ಯಾಪಕನಿಗೆ ತಾನೆ ಹೊಳೆದೀತು? ಹೀಗೆ ಮೂರನೆಯ ಪಟ್ಟಿಯನ್ನು ಬರೆಯಬೇಕಾಗಿ ಬಂತು.

ಇಷ್ಟಾದ ಮೇಲೆ ನನಗೆ ಅಣ್ಣನ ನೆನಪಾಯಿತು. ಮೊದಲೇ ಆಗಬೇಕಾಗಿತ್ತು.

ಅಣ್ಣ ನನಗಿಂತ ಹದಿನೈದು ವರ್ಷ ದೊಡ್ಡವನು. 1978ರಲ್ಲಿ, ತನ್ನ ಹದಿಮೂರನೆಯ ವಯಸ್ಸಿನಲ್ಲಿ, ಉಡುಪಿಯ ಕಡೆಯ ನೂರಾರು ಹುಡುಗರಂತೆ ಬಸ್ಸು ಹತ್ತಿ ಬೊಂಬಾಯಿಗೆ ಹೋದವನು. ಫೋರ್ಟಿನ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಆರಂಭಿಸಿ, ಮೇಜು ಒರೆಸಿ, ತಿಂಡಿ ಹಂಚಿ, ಕೊನೆಗೆ ಗಲ್ಲದ ಮೇಲೆ ಕುಳಿತ. ರಾತ್ರಿಶಾಲೆಗೆ ಹೋಗಿ ಹತ್ತನೆಯ ತರಗತಿ ಮುಗಿಸಿದ. 2004ರಲ್ಲಿ ಆ ಹೋಟೆಲು ಮುಚ್ಚಿದಾಗ ಊರಿಗೆ ಬಂದು ಮನೆ ತೋಟ ನೋಡಿಕೊಂಡಿದ್ದಾನೆ. ಇಪ್ಪತ್ತಾರು ವರ್ಷ ಆ ಊರಿನಲ್ಲಿದ್ದವನ ಎದುರಿಗೆ ನನ್ನ ಪಟ್ಟಿ ಯಾವ ಲೆಕ್ಕ?

ದಾರಿಯಲ್ಲಿ ಊರಿಗೆ ಹೋಗಿ ಎರಡು ದಿನವಿದ್ದು ಉಡುಪಿಯಲ್ಲಿ ರೈಲು ಹತ್ತುವುದೆಂದು ಮೊದಲೇ ಗೊತ್ತುಮಾಡಿದ್ದೆವು. ರಾತ್ರಿ ಊಟವಾದ ಮೇಲೆ ಚಾವಡಿಯಲ್ಲಿ ಕುಳಿತು ಪಟ್ಟಿಯನ್ನು ಅಣ್ಣನ ಕೈಗೆ ಕೊಟ್ಟೆ. ಅವನು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದ. ಆಮೇಲೆ ತಿದ್ದತೊಡಗಿದ.

"ವೀಟಿಯಿಂದ ಮಾಟುಂಗಕ್ಕೆ ಹೋಗುವಾಗ ಫಾಸ್ಟ್ ಗಾಡಿ ಹತ್ತಬೇಡ ಮಾರಾಯ, ಅದು ಮಾಟುಂಗದಲ್ಲಿ ನಿಲ್ಲುವುದಿಲ್ಲ. ಸ್ಲೋ ಹತ್ತು. ಆದಿತ್ಯವಾರ ಗಾಡಿ ಖಾಲಿ ಉಂಟು, ಆದರೆ ಹಳಿ ರಿಪೇರಿ ಅಂತ ಮೆಗಾಬ್ಲಾಕ್ ಇರ್ತದೆ, ಕೇಳಿಕೊಂಡು ಹೊರಡು. ಬೆಳಗ್ಗೆ ಆಫೀಸಿನ ಹೊತ್ತಿಗೆ ಮಗುವನ್ನು ಕರಕೊಂಡು ಲೋಕಲಿಗೆ ನುಗ್ಗಬೇಡ. ಇಳಿಯುವ ಬದಿ ಯಾವುದು ಅಂತ ಹಿಂದಿನ ಸ್ಟೇಷನಿನಲ್ಲೇ ತಿಳಿದುಕೊಂಡಿರಬೇಕು."

ನಾನು ಬರೆದುಕೊಳ್ಳುತ್ತ ಹೋದೆ. ಯಾವ ಪುಸ್ತಕದಲ್ಲಿಯೂ ಸಿಕ್ಕದ ವಿದ್ಯೆ ಇದು. ಕೊನೆಗೆ, "ಅಣ್ಣ, ಎಲಿಫೆಂಟಾಕ್ಕೆ ಅರ್ಧ ದಿನ ಸಾಕೋ, ಪೂರ್ತಿ ದಿನ ಬೇಕೋ?" ಎಂದೆ.

"ಅದು ನನಗೆ ಗೊತ್ತಿಲ್ಲ."

"ಗೊತ್ತಿಲ್ಲವೆಂದರೆ?"

"ನಾನು ಹೋಗಿಲ್ಲ ಮಾರಾಯ."

"ಮ್ಯೂಸಿಯಮ್ಮು?"

"ಹೊರಗಿನಿಂದ ಕಂಡಿದ್ದೇನೆ. ಅದರ ಎದುರಿನ ಆಫೀಸುಗಳಿಗೆ ಚಹಾ ಕೊಂಡುಹೋಗ್ತಿದ್ದೆ."

ನಾನು ಪೆನ್ನನ್ನು ಕೆಳಗಿಟ್ಟೆ. ನಾನು ಮೂರನೆಯ ತರಗತಿಯಲ್ಲಿದ್ದಾಗ ಅಣ್ಣ ಬೊಂಬಾಯಿಯಿಂದ ಒಂದು ಚಿತ್ರದ ಕಾರ್ಡು ಕಳಿಸಿದ್ದ: ಎಲಿಫೆಂಟಾದ ಮೂರು ಮುಖದ ಶಿವ. ಅದನ್ನು ಬಹಳ ಕಾಲ ಪುಸ್ತಕದೊಳಗೆ ಇಟ್ಟುಕೊಂಡು, ನಮ್ಮಣ್ಣ ಇದನ್ನು ನೋಡಿದ್ದಾನೆ ಎಂದು ಶಾಲೆಯ ಹುಡುಗರ ಮುಂದೆ ಜಂಬಪಟ್ಟಿದ್ದೆ. ಈಗ ಆ ಕಾರ್ಡಿನ ಮಾತೆತ್ತಿದೆ. ಅಣ್ಣ ನಕ್ಕ. "ಅದು ಫುಟ್‌ಪಾತಿನಲ್ಲಿ ಮಾರ್ತಿದ್ದರು. ಚಂದ ಕಂಡಿತು, ತಕ್ಕೊಂಡೆ."

"ಒಮ್ಮೆಯೂ ಹೋಗಬೇಕೆನಿಸಲಿಲ್ಲವೆ?"

"ಅನಿಸದೆ ಎಂತ? ಊರಿನಲ್ಲೇ ಇದ್ದೇವಲ್ಲ, ಯಾವತ್ತಾದರೂ ಹೋದರಾಯಿತು ಅಂತ ಇದ್ದೆ. ಆದಿತ್ಯವಾರ ಒಂದು ದಿನ ರಜೆ. ಬಟ್ಟೆ ಒಗೆಯಬೇಕು, ಮನೆಗೆ ಕಾಗದ ಬರೆಯಬೇಕು, ಸ್ವಲ್ಪ ನಿದ್ದೆ ಮಾಡಬೇಕು. ಹಾಗೇ ಹೋಯಿತು."

ಅವನು ಹೇಳದೆ ಬಿಟ್ಟ ಕಾರಣವೂ ನನಗೆ ಗೊತ್ತಿತ್ತು. ಪ್ರತಿ ತಿಂಗಳೂ ಮನೆಗೆ ಬರುತ್ತಿದ್ದ ಮನಿಯಾರ್ಡರು ನನ್ನ ಶಾಲೆಯ, ಮುಂದೆ ನನ್ನ ಎಂ.ಎ. ತರಗತಿಯ ಶುಲ್ಕವಾಗುತ್ತಿತ್ತು. ದೋಣಿಯ ಟಿಕೇಟಿನ ದುಡ್ಡು ಅದರಲ್ಲಿ ಸೇರಿತ್ತು. ತರಗತಿಯಲ್ಲಿ ನಾನು ಐಹೊಳೆಯ ಶಾಸನದ ಪ್ರಸಂಗ ಬಂದಾಗಲೆಲ್ಲ, ಇಮ್ಮಡಿ ಪುಲಕೇಶಿ ಹಡಗುಗಳೊಡನೆ ಮುತ್ತಿದ ಪುರಿಯೆಂಬ ಪಟ್ಟಣ ಎಲಿಫೆಂಟಾದ ಘಾರಾಪುರಿಯೇ ಎನ್ನುವ ವಿದ್ವಾಂಸರಿದ್ದಾರೆ ಎಂದು ಗಂಭೀರವಾಗಿ ಹೇಳುತ್ತಿರುತ್ತೇನೆ. ಆ ದ್ವೀಪದೆದುರಿನ ದಂಡೆಯಲ್ಲಿ ಇಪ್ಪತ್ತಾರು ವರ್ಷ ಕಳೆದ ಅಣ್ಣನನ್ನು, ನೀನು ಅದನ್ನು ನೋಡಿದೆಯಾ ಎಂದು ಒಮ್ಮೆಯೂ ಕೇಳಿರಲಿಲ್ಲ.

ಒಳಗಿನಿಂದ ನನ್ನಾಕೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಂದು, "ಭಾವ, ನೀವೂ ನಮ್ಮ ಜೊತೆ ಹೊರಡಿ. ಇವರನ್ನು ನಂಬಿಕೊಂಡು ಹೋದರೆ ನಾವು ಫಾಸ್ಟ್ ಗಾಡಿಯಲ್ಲೇ ಇರುತ್ತೇವೆ" ಎಂದಳು. ಅಣ್ಣ ತೋಟ, ದನ, ಮಂಡಿನೋವು ಎಂದು ಮೂರು ನೆಪ ಹೇಳಿದ. ಅತ್ತಿಗೆ ಒಳಗಿನಿಂದಲೇ, "ಮೂರು ದಿನ ತೋಟ ಎಲ್ಲಿಗೂ ಓಡುವುದಿಲ್ಲ" ಎಂದರು. ನಮ್ಮ ಪುಣ್ಯಕ್ಕೆ ಟಿಕೇಟೂ ಸಿಕ್ಕಿತು.

ಆ ರಾತ್ರಿ ನಾಲ್ಕನೆಯ ಪಟ್ಟಿ ಬರೆದೆ. ಅದರಲ್ಲಿ ದಿನಕ್ಕೆ ಎರಡೋ ಮೂರೋ ಸ್ಥಳ, ನಡುವೆ ಊಟ, ಊಟದ ಮೇಲೆ ವಿಶ್ರಾಂತಿ. ಎಲಿಫೆಂಟಾಕ್ಕೆ ಭಾನುವಾರ ಪೂರ್ತಿ.

ಶನಿವಾರ ಫೋರ್ಟಿನಲ್ಲಿ ತಿರುಗುವಾಗ ಅಣ್ಣ ನಮ್ಮನ್ನು ಒಂದು ಓಣಿಗೆ ಕರೆದುಕೊಂಡು ಹೋದ. ಹೋಟೆಲಿದ್ದ ಜಾಗದಲ್ಲಿ ಔಷಧಿಯಂಗಡಿ ಇತ್ತು. "ಇಲ್ಲಿ ಒಲೆ, ಅಲ್ಲಿ ಲೋಟ ತೊಳೆಯುವ ಕಟ್ಟೆ, ರಾತ್ರಿ ಈ ಕಡೆ ಬೆಂಚಿನ ಮೇಲೆ ಮಲಗ್ತಿದ್ದೆವು" ಎಂದು ಮಗಳಿಗೆ ತೋರಿಸಿದ. ಅವಳು ಔಷಧಿಯ ಸೀಸೆಗಳ ನಡುವೆ ಒಲೆಯನ್ನು ಹುಡುಕುತ್ತ ನಿಂತಳು. ನನ್ನ 22 ಸ್ಥಳಗಳಲ್ಲಿ ಆ ಓಣಿ ಇರಲಿಲ್ಲ.

ಭಾನುವಾರ ಬೆಳಗ್ಗೆ ಗೇಟ್‌ವೇಯ ಬಳಿ ದೋಣಿ ಹತ್ತಿದೆವು. 1911ರಲ್ಲಿ ಬಂದಿಳಿದ ದೊರೆಯ ನೆನಪಿಗೆಂದು ಕಟ್ಟಿ, 1924ರಲ್ಲಿ ಮುಗಿಸಿ, 1948ರಲ್ಲಿ ಅದರೊಳಗಿನಿಂದಲೇ ಆಂಗ್ಲರ ಕೊನೆಯ ದಂಡನ್ನು ಕಳುಹಿಸಿಕೊಟ್ಟ ದ್ವಾರವದು ಎಂದು ನಾನು ವಿವರಿಸುತ್ತಿದ್ದೆ. ಅಣ್ಣ ಕೇಳುತ್ತಿರಲಿಲ್ಲ, ದಂಡೆ ಹಿಂದಕ್ಕೆ ಸರಿಯುವುದನ್ನೇ ನೋಡುತ್ತಿದ್ದ. "ಈ ಕಡೆಯಿಂದ ಬೊಂಬಾಯಿಯನ್ನು ನೋಡಿಯೇ ಇರಲಿಲ್ಲ" ಎಂದ.

ಸುಮಾರು ಒಂದು ಗಂಟೆಯ ಪ್ರಯಾಣ. ಗುಹೆಗೆ ನೂರಿಪ್ಪತ್ತರಷ್ಟು ಮೆಟ್ಟಿಲು. ಅಣ್ಣ ಮಂಡಿ ಹಿಡಿದುಕೊಂಡು, ಕೂತು ಎದ್ದು ಹತ್ತಿದ. ಒಳಗಿನ ಮಬ್ಬಿನಲ್ಲಿ ಆ ಮಹಾಮೂರ್ತಿ ಮೆಲ್ಲಗೆ ಕಣ್ಣಿಗೆ ಬಂತು: ಒಂದು ಕಡೆ ಉಗ್ರಮುಖ, ಒಂದು ಕಡೆ ಸೌಮ್ಯಮುಖ, ನಡುವೆ ಧ್ಯಾನದಲ್ಲಿ ಮುಳುಗಿದ ಮುಖ. ಭಾಷಣಕ್ಕೆ ನಾನು ಸಿದ್ಧನಾಗಿಯೇ ಬಂದಿದ್ದೆ. ಅಣ್ಣ ಕಂಬಕ್ಕೆ ಒರಗಿ ನಿಂತದ್ದನ್ನು ನೋಡಿ ಸುಮ್ಮನಾದೆ. ನನ್ನ ಮೊದಲ ಪಟ್ಟಿಯಲ್ಲಿ ಇದಕ್ಕೆ ಇಪ್ಪತ್ತೈದು ನಿಮಿಷವೆಂದು ಬರೆದಿದ್ದೆ. ಅಣ್ಣ ಎಷ್ಟು ಹೊತ್ತು ನಿಂತನೋ ನಾನು ಗಡಿಯಾರ ನೋಡಲಿಲ್ಲ.

"ಕಾರ್ಡಿನಲ್ಲಿ ಇಷ್ಟು ದೊಡ್ಡದು ಅಂತ ಗೊತ್ತಾಗುವುದಿಲ್ಲ" ಎಂದು ಮಾತ್ರ ಹೇಳಿದ.

ಸೋಮವಾರ ರಾತ್ರಿ ರೈಲಿನಲ್ಲಿ ಮಗಳು ಲೆಕ್ಕ ಹಾಕಿದಳು. 22ರಲ್ಲಿ ನೋಡಿದ್ದು ಎಂಟು. ಬೈಕುಲಾದ ವಸ್ತುಸಂಗ್ರಹಾಲಯದ ತೋಟವೂ ಉಳಿಯಿತು. ಎಲಿಫೆಂಟಾಕ್ಕೆ ಆ ಹೆಸರು ತಂದ ಕಲ್ಲಾನೆ ಈಗ ಇರುವುದು ಅಲ್ಲಿ. "ಆನೆಯನ್ನು ನೋಡಲೇ ಇಲ್ಲ ದೊಡ್ಡಪ್ಪಾ" ಎಂದು ಅವಳು ಗೊಣಗಿದಳು.

"ಇನ್ನು ಯಾವತ್ತಾದರೂ ನೋಡಿದರಾಯಿತು ಮಗಾ" ಎಂದ ಅಣ್ಣ.

'ಯಾವತ್ತಾದರೂ' ಎಂಬ ವಾರ ಪಂಚಾಂಗದಲ್ಲಿಲ್ಲವೆಂದು ಈಗ ನನಗೆ ಗೊತ್ತಾಗಿದೆ. ಚೀಲದಿಂದ ಪೆನ್ನು ತೆಗೆದು, ಹಳೆಯ ಪಟ್ಟಿಯ ಬೆನ್ನಿನ ಮೇಲೆ, ಬರುವ ಡಿಸೆಂಬರಿನ ಒಂದು ತಾರೀಖನ್ನು ಬರೆದೆ. ಅದರ ಎದುರಿಗೆ ಒಂದೇ ಸ್ಥಳ: ಬೈಕುಲಾ, ಕಲ್ಲಾನೆ. ಆ ತಾರೀಖು ಸೋಮವಾರವಲ್ಲವೆಂದು ಎರಡು ಸಲ ನೋಡಿಕೊಂಡೆ.