ಕುಂಡದಲ್ಲಿರುವ ಸಂಪಿಗೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನಾನು ಸಂಕೋಚಪಟ್ಟೆ. ಶಾಲೆಯ ಹಿರಿಮೆಯನ್ನು ಬಣ್ಣಿಸಲು ನನಗಿಂತ ಸಮರ್ಥರು ಹಲವರಿದ್ದಾರೆ. ನನ್ನ ಬಳಿ ಇರುವುದು ಒಂದು ತಪ್ಪೊಪ್ಪಿಗೆ ಮಾತ್ರ.

ಅಂಗಳದ ಸಂಪಿಗೆ ಮರವನ್ನು ಹಳೆಯ ವಿದ್ಯಾರ್ಥಿಗಳಾರೂ ಮರೆತಿರಲಾರರು. ನಮ್ಮ ಗುರುಗಳು ನೆಟ್ಟ ಮರವದು. ಅದರ ಬುಡದಲ್ಲಿಯೇ ಸ್ಲೇಟು ತೊಳೆಯಬೇಕೆಂಬುದು ಅವರ ಕಟ್ಟಪ್ಪಣೆ. 2004ರಲ್ಲಿ ಧರ್ಮಪುರಿ ಜಿಲ್ಲೆಯನ್ನು ವಿಂಗಡಿಸಿ ಕೃಷ್ಣಗಿರಿ ಜಿಲ್ಲೆಯನ್ನು ಮಾಡಿದಾಗ ಶಾಲೆಯ ವಿಳಾಸ ಬದಲಾಯಿತೇ ಹೊರತು ಮರ ನಿಂತಲ್ಲಿಂದ ಕದಲಲಿಲ್ಲ. ಅಂಥದ್ದು ಮೂರು ವರ್ಷಗಳ ಹಿಂದೆ ಮೇ ತಿಂಗಳ ಬಿರುಗಾಳಿಗೆ ಬುಡಸಮೇತ ಉರುಳಿತು.

ಪುಣ್ಯವಶಾತ್ ಅದರ ಹಿಂದಿನ ಮಳೆಗಾಲದಲ್ಲಿ ನಾನು ಕೆಲವು ಬೀಜಗಳನ್ನು ಆಯ್ದು ತಂದಿದ್ದೆ. ಸಂಪಿಗೆಯ ಬೀಜ ಒಣಗಿದರೆ ಮೊಳೆಯುವ ಶಕ್ತಿಯನ್ನು ಬಹು ಬೇಗ ಕಳೆದುಕೊಳ್ಳುತ್ತದೆ. ಆದುದರಿಂದ ಕೆಂಪು ತಿರುಳನ್ನು ಉಜ್ಜಿ ತೆಗೆದು ಆ ವಾರವೇ ಬಿತ್ತಿದೆ. ಬದುಕಿದ್ದು ಒಂದೇ ಸಸಿ. ಮಹೋತ್ಸವದ ದಿನ ಅದನ್ನು ಹಳೆಯ ಮರದ ಜಾಗದಲ್ಲಿ ನೆಡುವುದೆಂದು ಸಮಿತಿ ನಿರ್ಧರಿಸಿತು. ಅಲ್ಲಿಯವರೆಗೆ ಪಾಲನೆಯ ಹೊಣೆ ನನ್ನದಾಯಿತು.

ಹೊಸೂರಿನ ನನ್ನ ಮನೆಯ ತಾರಸಿಯಲ್ಲಿ ಸಸಿ ಎದೆಯೆತ್ತರಕ್ಕೆ ಬೆಳೆಯಿತು. ಈ ವರ್ಷದ ಮಾರ್ಚ್ ತಿಂಗಳಲ್ಲಿ ಎಲೆಗಳ ಅಂಚು ಕಂದತೊಡಗಿತು. ಬಿಸಿಲಿನ ತಾಪವೆಂದು ಬಗೆದು ದಿನಕ್ಕೆರಡು ಬಾರಿ ನೀರೆರೆದೆ. ಕಂದು ಬಣ್ಣ ಎಲೆಯ ನಡುವಿನವರೆಗೂ ಹಬ್ಬಿತು. ಸಮಿತಿಯ ಕಿರಿಯರು "ಸರ್, ಗಿಡ ಹೇಗಿದೆ?" ಎಂದು ಕೇಳಿದಾಗಲೆಲ್ಲ "ಚೆನ್ನಾಗಿದೆ" ಎಂದೆ. ಒಂದು ತಿಂಗಳ ಕಾಲ ಈ ಸುಳ್ಳನ್ನು ಹೇಳಿದೆ. ಅವರು ಮನೆಗೆ ಬರುವೆವೆಂದಾಗ ಊರಿನಲ್ಲಿಲ್ಲವೆಂದೂ ಹೇಳಿದ್ದುಂಟು.

ಕಡೆಗೆ ಗುಲಾಬಿ ಬೆಳೆಯುವ ನನ್ನ ಸಹಪಾಠಿಯನ್ನು ಕರೆತಂದೆ. ಆತ ಮಣ್ಣಿಗೆ ಬೆರಳಿಟ್ಟವನೇ, "ಏನೋ, ಗಿಡ ಸಾಕ್ತಾ ಇದ್ದೀಯೋ, ಮುಳುಗಿಸ್ತಾ ಇದ್ದೀಯೋ?" ಎಂದ. ಕುಂಡವನ್ನು ಮಗುಚಿ ನೋಡಿದರೆ ತಳದ ರಂಧ್ರಗಳನ್ನು ಬೇರುಗಳೇ ಮುಚ್ಚಿದ್ದವು; ನಿಂತ ನೀರಿನಲ್ಲಿ ಕೆಲವು ಕಪ್ಪಾಗಿ ಕೊಳೆತು ನಾರುತ್ತಿದ್ದವು. ಕುಂಡದ ಅಂಚಿನಲ್ಲಿ ಬಿಳಿಯ ಪೊರೆ. ಕೊಳವೆಬಾವಿಯ ಗಡಸು ನೀರು ಆರಿದಂತೆ ಉಪ್ಪು ಮಣ್ಣಿನಲ್ಲಿಯೇ ಉಳಿಯುತ್ತದೆ. ಆಗ ಬೇರು ನೀರಿನ ನಡುವೆ ಇದ್ದೂ ನೀರು ಹೀರಲಾರದು, ಎಲೆಯ ತುದಿ ಅಂಚುಗಳು ಮೊದಲು ಸುಡುತ್ತವೆ. ನಾನು ಪ್ರೀತಿಯಿಂದ ಎರೆದಷ್ಟೂ ಅದು ಬಾಯಾರಿತ್ತು.

ಕೊಳೆತ ಬೇರುಗಳನ್ನು ಕತ್ತರಿಸಿ, ಕೆಂಪು ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ಬೇರೆ ಕುಂಡಕ್ಕೆ ಸಾಗಿಸಿದೆವು. ಎಳೆಬಿಸಿಲು ಮಾತ್ರ ಬೀಳುವ ಪೂರ್ವದ ಜಗಲಿ ಅದರ ಹೊಸ ಸ್ಥಾನ. ಬೆರಳಿನ ಎರಡನೆಯ ಗೆಣ್ಣಿನವರೆಗೆ ಮಣ್ಣು ಒಣಗಿದರೆ ಮಾತ್ರ ನೀರು. ಅದೂ ಹಿಡಿದಿಟ್ಟ ಮಳೆನೀರು. ಅರ್ಧ ಹಸಿರಿರುವ ಎಲೆಗಳನ್ನು ಕೀಳಲು ಗೆಳೆಯ ಬಿಡಲಿಲ್ಲ. "ಆ ಅರ್ಧವೇ ಈಗ ಅದಕ್ಕೆ ಅನ್ನ ಕಣೋ. ಸುಟ್ಟದ್ದು ಮತ್ತೆ ಹಸಿರಾಗಲ್ಲ. ಎಲೆ ನೋಡಬೇಡ, ಚಿಗುರು ನೋಡು" ಎಂದ.

ಆರು ವಾರಗಳ ಬಳಿಕ ತುದಿಯಲ್ಲಿ ಮೂರು ಎಲೆಗಳು ಬಿಚ್ಚಿವೆ, ಅಂಚಿನಲ್ಲಿ ಕಲೆಯಿಲ್ಲ. ಆದರೆ ಬೇರು ಬಲಿಯುವವರೆಗೆ ನೆಲಕ್ಕಿಳಿಸುವಂತಿಲ್ಲ. ಆದುದರಿಂದ ಮಹೋತ್ಸವದ ದಿನ ಸಸಿ ಕುಂಡದಲ್ಲಿಯೇ ವೇದಿಕೆಯ ಬಳಿ ಇರುತ್ತದೆ. ಮುಂದಿನ ಮಳೆಗಾಲದಲ್ಲಿ ನೆಡೋಣ. ಕೆಳಗಿನ ಕಂದಿದ ಎಲೆಗಳನ್ನು ಕಂಡು ಯಾರೂ ಮರುಗಬೇಕಿಲ್ಲ. ಹಿರಿಯರಲ್ಲಿಯೂ ಮಕ್ಕಳಲ್ಲಿಯೂ ನನ್ನದೊಂದೇ ವಿನಂತಿ: ಅಭಿಮಾನದಿಂದ ಯಾರೂ ಅದಕ್ಕೆ ನೀರೆರೆಯಬೇಡಿ. ಬೆಳಿಗ್ಗೆ ಬೆರಳಿಟ್ಟು ನೋಡಿಯೇ ತಂದಿರುತ್ತೇನೆ.